ಎಡಗಡೆಯ ಬ್ರೇಕು

ಹದಿನೈದು ತುಂಬಿತು ಗಾಡಿಗೆ, ಈ ಆಷಾಢಕ್ಕೆ.
ಮಕ್ಕಳಾದರೆ ಹತ್ತನೇ ಕ್ಲಾಸು; ಇದಕ್ಕೂ ಪರೀಕ್ಷೆಯೇ.
ಹಾಸನದ ಆರ್‌ಟಿಒ ಆಫೀಸಿನ ಬೇಲಿ ಪಕ್ಕ ಸಾಲು:
ಮುಂದೊಂದು ಕೋಳಿ ಸಾಗಿಸುವ ಟೆಂಪೊ,
ಹಿಂದೊಂದು ಕಾನ್ವೆಂಟಿನ ಹಳದಿ ವ್ಯಾನು,
ನಡುವೆ ನಮ್ಮ ಬೂದಿಬಣ್ಣದ ಆಲ್ಟೊ,
ಎಡಗಡೆ ಸೀಟಿನಲ್ಲಿ ಧರಣೇಂದ್ರ,
ತೊಡೆ ಮೇಲೆ ಕಾಗದದ ಫೈಲು.

ಬ್ರೇಕ್ ಇನ್ಸ್‌ಪೆಕ್ಟರು ಬಂದರು, ನಶ್ಯದ ಕರ್ಚೀಫು ಕೈಯಲ್ಲಿ.
ಬಾನೆಟ್ ಎತ್ತಮ್ಮ ಅಂದರು, ಎತ್ತಿದೆ.
ಲೈಟ್ ಹಾಕು ಅಂದರು, ಹಾಕಿದೆ.
ದಿಣ್ಣೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗಿ ಅಂದರು,
ತೆಗೆದೆ.
ಗಾಡಿ ಮೆಲ್ಲಗೆ, ತವರಿಗೆ ಹೊರಟವಳ ಹಾಗೆ,
ಹಳದಿ ವ್ಯಾನಿನ ಕಡೆ ಸರಿಯಿತು.

ನಿಂತುಕೊಂಡೇ ಬರೆದರು ಚೀಟಿಯಲ್ಲಿ:
ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ.
ಎಡಗಣ್ಣು ಮೆಳ್ಳೆ
(ಅವರು ಬರೆದದ್ದು ಹೆಡ್‌ಲೈಟ್ ಅಲೈನ್‌ಮೆಂಟ್ ಅಂತ).
ಮುಂದಿನ ಟೈರು ಒಳಗಡೆ ಸವೆದಿದೆ. ಹೊಗೆ ಜಾಸ್ತಿ.
ಹಿಂದಿನ ಬೆಲ್ಟು ಎಳೆದರೆ ಬರುವುದಿಲ್ಲ.
ಚಾಸಿ ನಂಬರು ಓದಲಾಗುತ್ತಿಲ್ಲ.
ಕೊನೆಗೊಂದು ಕೆಂಪು ಗೀಟು.
ಪಿಯುಸಿ ಲೆಕ್ಕದ ನಂತರ
ನಪಾಸು ಅನ್ನುವ ಪದ ನನಗೆ ಎದುರಾಗಿರಲಿಲ್ಲ.

ಸಾಲಗಾಮೆ ರಸ್ತೆಯ ಅನ್ಸರ್ ಚೀಟಿ ಓದಲಿಲ್ಲ.
ಟೈರಿನ ಒಳಮೈಗೆ ಅಂಗೈ ಇಟ್ಟ,
ಕೂಸಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.
'ಹಂಪು ಕಂಡಾಗ ಬ್ರೇಕ್ ಹಿಡೀಬೇಕು ಅಕ್ಕ,
ನೀವು ಹಂಪು ಹಾರಿದ್ಮೇಲೆ ಹಿಡೀತೀರ.
ಬುಷ್ ಹೋಗಿದೆ. ಈ ಗಾಡಿಗಳ ಜಾತಕಾನೇ ಇಷ್ಟು,
ಬುಷ್ಷು, ಸೈಲೆನ್ಸರು, ಡಿಕ್ಕಿ ತಳದ ತುಕ್ಕು.
ತಗೊಳ್ಳೋರು ಪೇಂಟ್ ನೋಡ್ತಾರೆ,
ನಾನು ಮ್ಯಾಟ್ ಎತ್ತಿ ನೋಡ್ತೀನಿ.'

ಬೆಲ್ಟಿನ ಗೂಡಿನಿಂದ ಹೊರಬಂತು
ಕಲ್ಲಾದ ಕಡಲೆಮಿಠಾಯಿ ಚೂರು,
ಒಂದು ಕೆಂಪು ಕ್ಲಿಪ್ಪು. ನಮ್ಮನೇದಲ್ಲ.
ಆರು ವರ್ಷ ಅರಕಲಗೂಡಿನ ಕಾಂಪೌಂಡರು ಓಡಿಸಿದ ಗಾಡಿ;
ಅವರಿಗೆ ಮಗಳಿದ್ದಳೆಂದು ನಮಗೆ ಗೊತ್ತೇ ಇರಲಿಲ್ಲ.
ಅನ್ಸರ್ ಅದನ್ನು ಬಿಸಾಡಲಿಲ್ಲ, ಡ್ಯಾಶ್‌ಬೋರ್ಡ್ ಮೇಲಿಟ್ಟ.

ಆಮೇಲೆ ಮ್ಯಾಟು.
ನನ್ನ ಕಡೆಯದು ಚೆನ್ನಾಗಿತ್ತು.
ಎಡಗಡೆಯದು, ಬಲಗಾಲು ಊರುವಲ್ಲಿ,
ರಬ್ಬರು ಸವೆದು, ಅಡಿಯ ಕಾರ್ಪೆಟ್ಟೂ ಸವೆದು,
ಎಂಟಾಣೆಯಗಲ ತಗಡು ಹೊಳೆಯುತ್ತಿತ್ತು.
'ಇಲ್ಲಿ ಯಾರಕ್ಕ ಕೂರೋದು?'

ಧರಣೇಂದ್ರ ಆಚೆ ಟೀ ಅಂಗಡಿಯಲ್ಲಿದ್ದರು.
ಮೂರು ವರ್ಷದ ಹಿಂದೆ ಶಾಂತಿಗ್ರಾಮದ ಹತ್ತಿರ
ಅವರ ಕೈಯಲ್ಲೇ ಗಾಡಿ ಜೋಳದ ಹೊಲಕ್ಕೆ ನುಗ್ಗಿ ನಿಂತಿತ್ತು.
ಸ್ಟಿಯರಿಂಗ್ ಮುಟ್ಟಬಾರದು ಅಂದರು ಡಾಕ್ಟರು.
ಅವರಿಗೆ ಫಿಟ್ಸು, ಗಾಡಿಗೆ ಫಿಟ್ನೆಸ್ಸು:
ಈ ಇಂಗ್ಲಿಷಿಗೆ ಮಾನವಿಲ್ಲ.
ನಲವತ್ತಾರರಲ್ಲಿ ನಾನು ಕಲಿತೆ, ಸ್ಟೇಡಿಯಮ್ಮಿನ ಸುತ್ತ,
ಹಾಲಿನವನ ಸೈಕಲ್ಲಿಗೆ ಹೆದರಿ ಹೆದರಿ.
ಒಂದು ದಿನ ಒಂದು ಮಾತಾಡಿದವರಲ್ಲ ಅವರು.
ನಿಧಾನ ಅನ್ನಲಿಲ್ಲ, ಲಾರಿ ಅನ್ನಲಿಲ್ಲ,
ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು.
ನಾನು ತಿಳಿದಿದ್ದೆ,
ನನ್ನ ಓಡಿಸಾಟ ಅವರಿಗೆ ಒಪ್ಪಿದೆಯೆಂದು.

ಮರಳುಕಾಗದದಿಂದ ತುಕ್ಕು ಉಜ್ಜಿದ ಅನ್ಸರ್.
ನಂಬರಿನ ಮೇಲೆ ಟೇಪು ಅಂಟಿಸಿ ಪೆನ್ಸಿಲ್ ತೀಡಿದವರು ಧರಣೇಂದ್ರ,
ನಾಣ್ಯದಚ್ಚು ತೆಗೆಯುವ ಹುಡುಗನ ಹಾಗೆ ನಾಲಗೆ ಕಚ್ಚಿಕೊಂಡು.
ಮೂರೋ ಎಂಟೋ ಎಂದು ತಿಳಿಯದ ಕೊನೆಯ ಅಂಕಿ
ಕಪ್ಪಿನೊಳಗಿಂದ ಬೆಳ್ಳಗೆ ಎದ್ದು ಬಂತು.
ಎಂಟು.

ಶುಕ್ರವಾರ ಪಾಸು. ಐದು ವರ್ಷದ ಮಟ್ಟಿಗೆ.
ಮ್ಯಾಟು ಮಾತ್ರ ಬದಲಾಯಿಸಬೇಡ ಅಂದಿದ್ದೆ, ಯಾಕೆಂದು ಗೊತ್ತಿಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿನ ತಿರುವಿನಲ್ಲಿ
ಸೊಪ್ಪಿನ ಗಾಡಿಯೊಂದು ಅಡ್ಡ ಬಂತು.
ಒತ್ತಿದೆ. ನಿಂತಿತು, ಇಟ್ಟ ಕಡೆ ಇಟ್ಟ ಹಾಗೆ.
ಅದೇ ಗಳಿಗೆಗೆ ಎಡಗಡೆ, ಕೆಳಗೆ,
ತಗಡಿನ ಮೇಲೆ ಚಪ್ಪಲಿಯ ಒಂದು ಸಣ್ಣ ಸದ್ದು.

'ಹಿಡೀತಾ?' ಅಂದೆ.
'ಹೊಸ ಪ್ಯಾಡಲ್ವ' ಅಂದರು,
ಕಿಟಕಿಯಾಚೆ ನೋಡುತ್ತ.