ದಿನಬಳಕೆಗೆ

ಮೊದಲೇ ಹೇಳಿಬಿಡುತ್ತೇನೆ, ಮುಖ ನೋಡಿಯೇ ಕೊಂಡದ್ದು.
ಎರಡು ಗುಂಡು ದೀಪ, ನಡುವೆ ಕ್ರೋಮಿನ ಮೀಸೆ,
ಕೆನೆಬಣ್ಣದ ಮೈ, ಸೊಂಟಕ್ಕೊಂದು ಹಸಿರು ಪಟ್ಟಿ.
ನಾನು ಹುಟ್ಟುವ ಮುಂಚಿನ ಕಾಲದಿಂದ
ಯಾರೋ ದಾರಿ ಕೇಳಲು ಬಂದು ನಿಂತಂತೆ.
ತಯಾರಾದದ್ದು ಮಾತ್ರ ತೊಂಬತ್ತೇಳರಲ್ಲಿ.
ಅಜ್ಜನ ಕೋಟು ತೊಟ್ಟ ಹುಡುಗ.

ಕುಶಿರೋದಲ್ಲಿ ನನ್ನ ಕೆಲಸ
ಹಾಸಿಗೆ ಹಿಡಿದವರ ತಲೆಗೂದಲು ಕತ್ತರಿಸುವುದು.
ಅಂಗಡಿಗೆ ಬರಲಾರದವರ ಮನೆಗೆ ಅಂಗಡಿಯೇ ಹೋಗಬೇಕು.
ಮಡಚುವ ಕುರ್ಚಿ, ತಲೆ ತೊಳೆಯುವ ಬೋಗುಣಿ,
ಬಿಸಿನೀರಿನ ಫ್ಲಾಸ್ಕು ಎರಡು, ಟವೆಲ್ಲು ಒಂದು ಡಜನ್:
ಹಿಂದಿನ ಸೀಟು ಮಲಗಿಸಿದರೆ ಎಲ್ಲ ಹಿಡಿಯುತ್ತದೆ,
ಪೊರಕೆಯೊಂದನ್ನು ಬಿಟ್ಟು.
ಆರು ವರ್ಷದಿಂದ ಪೊರಕೆ
ನನ್ನ ಭುಜಕ್ಕೆ ತಲೆಯಾನಿಸಿ ಓಡಾಡುತ್ತಿದೆ.

ಎಂಜಿನ್ನು ಆರುನೂರರವತ್ತು ಸೀಸಿ.
ಯೊನೆಮಾಚಿಯ ಏರಿನಲ್ಲಿ ಹೀಟರು ಆರಿಸಬೇಕು,
ಇಲ್ಲವೇ ಏರುವ ಆಸೆ ಬಿಡಬೇಕು.
ಫೆಬ್ರುವರಿಯಲ್ಲಿ ಇದು ಸಣ್ಣ ಆಯ್ಕೆಯಲ್ಲ.
ಸಪಾಟು ರಸ್ತೆಯಲ್ಲಿ ಲೀಟರಿಗೆ ಹದಿನೈದು, ಸುಳ್ಳಿಲ್ಲ.
ಮಂಜು ಕವಿದ ಜುಲೈ ಮುಂಜಾನೆ
ನುಸಮೈ ಸೇತುವೆ ತನ್ನ ಅರ್ಧವನ್ನೇ ನುಂಗಿಕೊಂಡಾಗ
ಆ ಗುಂಡು ದೀಪಗಳು ಚಂದ ಕಾಣುತ್ತವೆ,
ಎದುರಿನವರಿಗೆ.
ನನಗೆ ಕಾಣುವುದು ಹತ್ತು ಮಾರು ಹಾಲು.

ಸರ್ಕಾರಕ್ಕೆ ಹಳೆಯದರ ಮೇಲೆ ಮೋಹವಿಲ್ಲ.
ಹದಿಮೂರು ದಾಟಿದ ಗಾಡಿಗೆ ತೆರಿಗೆ ಜಾಸ್ತಿ,
ವೇಷವೋ ವಯಸ್ಸೋ ಎಂದು ಕೇಳುವುದೂ ಇಲ್ಲ.
ಈ ಸಲದ ತಪಾಸಣೆಗೆ ಮೇಲೆತ್ತಿ
ಮಿಯೊಶಿ ಸುತ್ತಿಗೆಯ ಹಿಡಿಯಿಂದ ಹೊಟ್ಟೆ ಬಡಿದು ನೋಡಿದ,
ಕಲ್ಲಂಗಡಿ ಕೊಳ್ಳುವವನ ಹಾಗೆ.
ಒಂದು ಕಡೆ ಹಿಡಿ ಒಳಗೇ ಹೋಯಿತು.
ಕಡಲ ಗಾಳಿ, ರಸ್ತೆಗೆ ಚೆಲ್ಲಿದ ಉಪ್ಪು.
"ಮೀಸೆ ಪ್ಲಾಸ್ಟಿಕ್ಕು ಅಕ್ಕಾ," ಅಂದ,
"ತುಕ್ಕು ಮಾತ್ರ ಅಸಲಿ."
ಒಂದು ಲಕ್ಷ ಎಂಬತ್ತು ಸಾವಿರ ಯೆನ್.
ಗುರುವಾರದೊಳಗೆ ಹೇಳು.

ಮನಸ್ಸಲ್ಲೇ ಲೆಕ್ಕ ಹಾಕುತ್ತ ಬಂದೆ:
ಇದು ಅಣಕಿಸಿದ ಕಾಲ
ಇದರ ಹುಟ್ಟಿಗಿಂತ ಮೂವತ್ತು ವರ್ಷ ಹಿಂದಿನದು.
ಈಗ ಇದಕ್ಕೇ ಇಪ್ಪತ್ತೆಂಟು.
ಇನ್ನೆರಡು ವರ್ಷ ತಳ್ಳಿದರೆ
ಹಾಕಿಕೊಂಡ ಮುಪ್ಪೂ ಬಂದ ಮುಪ್ಪೂ ಸರಿಸಮ.
ಆಗ ಯಾವುದನ್ನು ಒರೆಸಲಿ, ಯಾವುದಕ್ಕೆ ಬಣ್ಣ ಬಳಿಯಲಿ?

ಬುಧವಾರ ವಕಾಸುಗಿಯವರ ಮನೆ. ತೊಂಬತ್ತೊಂದು.
ಒಂದು ಕಾಲಕ್ಕೆ ಬಂದರಿಗೆ ಬ್ರೆಡ್ಡು ಹಂಚುತ್ತಿದ್ದವರು,
ಇಂಥದೇ ಮೋರೆಯ ಗಾಡಿಯಲ್ಲಿ.
ಕಿವಿಯ ಹಿಂದಿನ ಕೂದಲು ಮುಗಿಸುವಾಗ
ಕಿಟಕಿಯತ್ತ ಗಲ್ಲ ತೋರಿಸಿ, ಕೂರಬಹುದೇ ಅಂದರು.
ಸೊಸೆ ಒಂದು ರಟ್ಟೆ, ನಾನೊಂದು ರಟ್ಟೆ,
ಎಂಟು ಹೆಜ್ಜೆಗೆ ಕಾಲು ಗಂಟೆ.
ಪೊರಕೆ ತೆಗೆದು ಹೊರಗಿಟ್ಟೆ.

ಸ್ಟೀರಿಂಗಿನ ಮೇಲೆ ಕೈಯಿಟ್ಟರು. ಗಡಿಯಾರದ ಗಾಜು ತಟ್ಟಿದರು.
ನಾನು ಕಾದೆ, ಕಣ್ಣೀರಿಗೇ ಇರಬೇಕು, ನಾಚಿಕೆಯಾಗುತ್ತದೆ.
ಬಾಗಿಲು ಹಾಕು ಅಂದರು. ಹಾಕಿದೆ.
ತಲೆಯಾಡಿಸಿದರು: "ಅಲ್ಲ.
ಅದು ಬಿಸ್ಕತ್ತಿನ ಡಬ್ಬ ಮುಚ್ಚಿದ ಹಾಗೆ ಸದ್ದು ಮಾಡುತ್ತಿತ್ತು.
ಮಳೆಯೂ ಚಳಿಯೂ ಒಳಗೇ ಇರುತ್ತಿದ್ದವು.
ದರಿದ್ರದ ಗಾಡಿ. ಇದು ವಾಸಿ."

ಆಮೇಲೂ ಇಳಿಯಲಿಲ್ಲ.
ಕೊರಳ ಬಟ್ಟೆಯಿಂದ ಬಿಳಿ ಕೂದಲು
ಗೇರಿನ ಬುಡಕ್ಕೆ ಉದುರುತ್ತಿತ್ತು.
ಅಲ್ಲಿಂದ ಅದು ಹೋಗುವುದಿಲ್ಲ, ನನಗೆ ಗೊತ್ತು,
ಎಷ್ಟು ಬಡಿದು ಕೊಡವಿದರೂ.

ಇನ್ನೊಮ್ಮೆ, ಅಂದರು.
ಬಾಗಿಲು ತೆಗೆದೆ.
ಈ ಸಲ ತಾವೇ ಎಳೆದುಕೊಂಡರು.