ಮೂಗೆತ್ತುವ ಅಚ್ಚು

ಅಲಮೋಸಾದಲ್ಲಿ ಜನವರಿ. ಡೀಸೆಲ್ಲೂ ಹೆಪ್ಪುಗಟ್ಟುವ ಬೆಳಗು.
ಎಲೂಯ್ ತಫೋಯಾ ಕೈಗವಸು ತೆಗೆಯದೆ
ಶಟರ್ ತಟ್ಟಿದ.
"ಗೇರ್‌ಬಾಕ್ಸ್ ಹೋಯಿತು, ಹಸಿಂತಾ."
ಬರುವವರೆಲ್ಲ ಕಾಯಿಲೆಯ ಹೆಸರು ಹಿಡಿದೇ ಬರುತ್ತಾರೆ.
ನಾನು ಲಕ್ಷಣ ಕೇಳುತ್ತೇನೆ.

ಆಲೂಗಡ್ಡೆಯ ಟ್ರೇಲರ್ ಕಟ್ಟಿ
ಗೋದಾಮಿನ ಏರು ಹತ್ತುವಾಗ
ಮೊದಲು ನಡುಕ, ಆಮೇಲೆ ಧಡ್,
ಆಮೇಲೆ ಹಿಂದಿನ ಚಕ್ರಗಳು
ಕುಂಟಾಬಿಲ್ಲೆ ಆಡುವ ಹುಡುಗಿಯರಂತೆ
ಎಗರೆಗರಿ ಬೀಳುತ್ತವಂತೆ.
ಖಾಲಿ ಗಾಡಿಯಲ್ಲಿ? ಇಲ್ಲ.
ಮೆಲ್ಲಗೆ ಹೊರಟರೆ? ಇಲ್ಲ.
ಕಾಲೆತ್ತಿದರೆ? ತಟ್ಟನೆ ನಿಲ್ಲುತ್ತದೆ.
ಹಾಗಾದರೆ ಗೇರ್‌ಬಾಕ್ಸ್ ಅಲ್ಲ, ಮಾರಾಯ.

ಶಾಫ್ಟಿನ ಕ್ರಾಸು ಆಗಲೇ ಎರಡು ಸಲ ಬದಲಾಗಿದೆ.
ಎರಡು ಗ್ಯಾರೇಜಿನ ಬಿಲ್ಲು ತೋರಿಸಿದ, ನಾಲ್ಕಾಗಿ ಮಡಚಿದ್ದು.
ಮುರಿದದ್ದು ಅದೇ, ನಿಜ.
ಮುರಿದವನು ಬೇರೆ.

ರಟ್ಟು ಹಾಸಿ ಅಡಿಗೆ ಜಾರಿದೆ.
ಯು-ಬೋಲ್ಟಿಗೆ ಪಾನಾ ಕೊಟ್ಟರೆ
ಒಂದು ನಟ್ಟು ಮುಕ್ಕಾಲು ಸುತ್ತು ತಿರುಗಿತು.
ಪಟ್ಟಿಯ ಕಣ್ಣಿನ ಬುಷ್
ಒಣ ಅಂಜೂರದ ಹಾಗೆ ಬಿರಿದಿತ್ತು.
ಅಚ್ಚಿಗೂ ಕಮಾನುಪಟ್ಟಿಗೂ ನಡುವೆ
ನಾಲ್ಕಿಂಚಿನ ಅಲ್ಯೂಮಿನಿಯಂ ದಿಮ್ಮಿ,
ಎರಡೂ ಬದಿ.
"ಇದು ಯಾರ ಕೆಲಸ?"
"ತಮ್ಮನದು. ಗಾಡಿ ಎತ್ತರ ಕಾಣಲಿ ಅಂತ.
ಈಗ ಪ್ವೆಬ್ಲೋದಲ್ಲಿ ಬಸ್ಸು ಓಡಿಸುತ್ತಾನೆ."

ಪಿನಿಯನ್ನಿನ ಮೂಗಿನ ಪಕ್ಕ ಕೋಲು ನಿಲ್ಲಿಸಿ
ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ,
ಫೋನನ್ನು ನೆಲಕ್ಕಿಟ್ಟೆ, ನಾನು ದೂರ ಬಂದೆ.
ಟ್ರೇಲರಿನ ಬ್ರೇಕು ಮಾತ್ರ ಹಿಡಿ ಎಂದೆ, ಕಾಲಿನದು ಬೇಡ.
ಕಾಲಿನ ಬ್ರೇಕು ಹಿಡಿದರೆ ಅಚ್ಚು
ತನ್ನ ಜಗಳ ತನ್ನೊಳಗೇ ಮುಗಿಸಿಕೊಳ್ಳುತ್ತದೆ,
ಮನೆತನಸ್ಥರ ಹಾಗೆ; ಹೊರಗೆ ಸುದ್ದಿಯೇ ಇಲ್ಲ.
ಈಗ ಒತ್ತು. ಇನ್ನೂ.

ಆಮೇಲೆ ಇಬ್ಬರೂ ಹೀಟರಿನ ಮುಂದೆ ಕೂತು ನೋಡಿದೆವು.
ಚಕ್ರ ಮುಂದಕ್ಕೆ ಎನ್ನುತ್ತದೆ,
ಅಚ್ಚಿನ ಮೈ ಹಿಂದಕ್ಕೆ ಹೊರಳುತ್ತದೆ,
ಮೂಗು ಮೇಲೆ, ಮೇಲೆ, ಗೆರೆ ದಾಟಿ ಎರಡೂವರೆ ಇಂಚು.
ಪಟ್ಟಿಯ ಮುಂದರ್ಧ ಉಬ್ಬಿ, ಹಿಂದರ್ಧ ತಗ್ಗಿ,
ನುಂಗಿದ್ದು ದಕ್ಕದ ಹಾವು.
ಆಮೇಲೆ ತಡೆಯಲಾರದೆ ಕೊಡವಿ ವಾಪಸ್ಸು.
ಅದೇ ನಿನ್ನ ಧಡ್.
ಎಲೂಯ್ ಮೂರು ಸಲ ಹಿಂದೆ ಓಡಿಸಿ ನೋಡಿದ.
"ಇಷ್ಟು ದಿನ ನನ್ನ ಬೆನ್ನ ಹಿಂದೆ ಇದು ನಡೀತಿತ್ತಾ?"

ಹಾರೆ ಉದ್ದವಾದಷ್ಟೂ ಕಲ್ಲು ಹಗುರ.
ಆ ದಿಮ್ಮಿ ಅಚ್ಚಿನ ಕೈಗೆ ಕೊಟ್ಟ ಹಾರೆ.
ತೆಗೆದೆ.
ಎತ್ತರ ಬೇಕಿದ್ದಷ್ಟು ಪಟ್ಟಿಯೇ ಕೊಡಲಿ ಎಂದು
ಇನ್ನೊಂದು ಎಲೆ ಸೇರಿಸಿದೆ. ಹೊಸ ಬುಷ್.
ಹೊಸ ಯು-ಬೋಲ್ಟು; ಒಮ್ಮೆ ಎಳೆದದ್ದು ಮತ್ತೆ ಬಿಗಿಯಾಗದು.
ಅಚ್ಚಿನಿಂದ ಚಾಸಿಗೆ ಒಂದು ತಡೆಗೋಲು.
"ಎರಡೂ ಕಡೆ ವೆಲ್ಡ್ ಹೊಡೆದುಬಿಡು, ಪೀಡೆ ಹೋಗಲಿ."
ಆಗ ಹಳ್ಳ ಬಂದರೆ ಪಟ್ಟಿ ಎಲ್ಲಿಗೆ ಹೋಗಬೇಕು?
ಮುಂದಿನ ತುದಿಯನ್ನು ಜೋಲಿಗೆ ಹಾಕಿದೆ,
ಮೇಲೆ ಕೆಳಗೆ ಆಡಲಿ, ಹೊರಳುವುದು ಮಾತ್ರ ಬೇಡ.

ಸಂಜೆ ಗಾಡಿ ಹೊರಗೆ ಬಂದಾಗ
ಅವನ ಮುಖ ಮೂರಿಂಚು ಇಳಿದಿತ್ತು.
"ಗಿಡ್ಡ ಆಯಿತಲ್ಲ.
ತಮ್ಮನಿಗೆ ಹೇಳಬೇಡ."
ಅವನ ಹೆಂಡತಿ ಬೆರ್ನಿತಾ, ಮಂಡಿ ನೋವಿನವಳು,
ಯಾರೂ ಕೈ ಕೊಡುವ ಮುಂಚೆ
ಹತ್ತಿ ಕೂತು ಬೆಲ್ಟು ಹಾಕಿಕೊಂಡಾಗಿತ್ತು.

ನೂರು ಮೈಲಿ ಓಡಿಸಿ ಬಾ, ನಟ್ಟು ಮತ್ತೆ ಬಿಗಿಯಬೇಕು ಎಂದಿದ್ದೆ.
ಶುಕ್ರವಾರ ಬಂದ.
ಏರು ಹತ್ತಿದೆಯಾ?
"ಹತ್ತಿದೆ."
ಏನಾಯಿತು?
"ಏನೂ ಆಗಲಿಲ್ಲ," ಅಂದ,
ದೂರು ಕೊಡುವವನ ದನಿಯಲ್ಲಿ.
ಹೋಗುವಾಗ ಒಂದು ದಿಮ್ಮಿ ಬೇಕೆಂದು ಕೇಳಿ
ಕಂಕುಳಲ್ಲಿಟ್ಟುಕೊಂಡು ಹೋದ. ಯಾಕೆಂದು ಹೇಳಲಿಲ್ಲ.
ಇನ್ನೊಂದು ನನ್ನ ಬಾಗಿಲಿಗಿದೆ.
ಬ್ಲಾಂಕಾ ಬೆಟ್ಟದ ಗಾಳಿ ದೂಡುತ್ತದೆ,
ದಿಮ್ಮಿ ಕದಲುವುದಿಲ್ಲ.