ದಾಸ್ತಾನು ವಹಿ, ಪುಟ ನಲವತ್ತೊಂದು

ಅನುದಾನ ಬಂದದ್ದು ಮಾರ್ಚ್ ಇಪ್ಪತ್ತೊಂಬತ್ತರ ಸಂಜೆ,
ಮೂವತ್ತೊಂದಕ್ಕೆ ಖರ್ಚಾಗಿರಬೇಕು.
ಹೆಡ್‌ಮಾಸ್ತರರು ಬಡ್ತಿಯ ಮೇಲೆ ಜಮಖಂಡಿಗೆ ಹೋಗಿ ವಾರ,
ಕನ್ನಡ ಕಲಿಸುವ ನನ್ನ ಕೈಗೆ ಹದಿನಾರು ಕೀಲಿಗಳ ಗೊಂಚಲು.
ಮೂರಕ್ಕೆ ಬೀಗ ಯಾವುದೋ, ಆಣೆ ಮಾಡಿ ಹೇಳುವವರಿಲ್ಲ.

ಗುಮಾಸ್ತ ಗುರುಸಿದ್ಧಪ್ಪ ಜಾಲಿಹಾಳರು
ಬೆರಳಿಗೆ ಉಗುಳು ಹಚ್ಚಿ ವಹಿ ತಿರುವುತ್ತಾರೆ.
ಅವರು ಓದಬೇಕು, ನಾನು ಹುಡುಕಬೇಕು,
ಇಬ್ಬರೂ ಕೂಡಿ ಟಿಕ್ಕು ಹಾಕಬೇಕು.
ಸೂಕ್ಷ್ಮದರ್ಶಕ, ಒಂದು.
ಇದೆ. ಕಣ್ಣಿಡುವ ಕಡೆ ಗಾಜಿಲ್ಲ.
“ಗಾಜಿಗೆ ಬ್ಯಾರೆ ಕಾಲಮ್ ಇಲ್ರಿ ಬಾಯಾರ,
ಐತಿ ಅಂದ್ರ ಐತಿ.”

ಕಂಪ್ಯೂಟರು ಹತ್ತು, ಹೊದಿಕೆಯೊಳಗೆ ಹತ್ತೂ ಮಲಗಿವೆ.
ಬ್ಯಾಟರಿ ಉಬ್ಬಿ ಒಡೆದು ನಾಲ್ಕು ವರ್ಷ.
ಯಂತ್ರ ಕೊಟ್ಟ ಯೋಜನೆ ಮುಗಿಯಿತು,
ಬ್ಯಾಟರಿಯ ಯೋಜನೆ ಇನ್ನೂ ಹುಟ್ಟಿಲ್ಲ.
ಬೆಂಚು ಐವತ್ತೆರಡು; ಎಣಿಸಿದರೆ ಐವತ್ತಮೂರು.
ಹೋದ ವರ್ಷ ಪರೀಕ್ಷೆಗೆಂದು ಟ್ರ್ಯಾಕ್ಟರ್ ಏರಿ ಹೋಗಿ ಬಂದವುಗಳ ಜೊತೆ
ಯಾವುದೋ ಶಾಲೆಯದೊಂದು ದಾರಿ ತಪ್ಪಿ ಬಂದಿದೆ,
ಕೈವಾರದ ಮೊನೆಯಲ್ಲಿ ಕೊರೆದ ಹೆಸರು: ಯಮನೂರ.
ಕಡಿಮೆಯಾದರೆ ದಂಡ, ಹೆಚ್ಚಾದರೂ ವಿವರಣೆ.
ಯಮನೂರನನ್ನು ಅಟ್ಟಕ್ಕೆ ಏರಿಸಿದೆವು.

ಬಂದ ದುಡ್ಡು ಆಟದ ಸಾಮಾನಿಗೆ ಮಾತ್ರ.
ಚೆಂಡು ಆರಿವೆ, ಆಡಿಸುವ ಮಾಸ್ತರರ ಹುದ್ದೆ ಖಾಲಿ.
ಸುಟ್ಟಿರುವುದು ಬೋರಿನ ಮೋಟರು.
ಕಾಯಿಲ್ ಸುತ್ತುವ ರಾಜೇಸಾಬ ಕೇಳುವುದು ನಾಲ್ಕು ಸಾವಿರದ ಇನ್ನೂರು,
ಬರೆಯಲು ಈ ವರ್ಷ ಯಾವ ಲೆಕ್ಕಶೀರ್ಷಿಕೆಯೂ ಇಲ್ಲ.

ಒಂಬತ್ತನೆಯ ತರಗತಿಯ ಆಸ್ಮಾ ನದಾಫ್‌ಳನ್ನು
ಮಧ್ಯಾಹ್ನ ಯಾಕೆ ಬರುವುದಿಲ್ಲ ಎಂದು ಕೇಳಿದ್ದೆ.
ನೆಲ ನೋಡಿದಳು. ಪಕ್ಕದ ಲಕ್ಕವ್ವ ಹೇಳಿದಳು:
“ಮುಂಜಾನಿಂದ ನೀರ ಕುಡಿಯೂದಿಲ್ರಿ ಅಕಿ.
ತಡಕೊಂಡು ತಡಕೊಂಡು, ಊಟದ ಬೆಲ್ಲಿಗೆ ಮನೀಗ ಓಡತಾಳ್ರಿ.
ಹೋದಮ್ಯಾಲ ಅವ್ವ ಕೆಲಸ ಹಚ್ಚತಾಳ್ರಿ.”
ವಿಜ್ಞಾನದ ಪಿರಿಯಡ್ಡು ದಿನಾ ಮಧ್ಯಾಹ್ನವೇ.
ಬೀಗ ಹಾಕಿದ ಪಾಯಖಾನೆಯ ಹಿಂದೆ ಕೃಷ್ಣೆಯ ಹಿನ್ನೀರು,
ಕಣ್ಣು ಹಾಯುವ ತನಕ ನೀರು.

ಕತ್ತಲಾಗುತ್ತ ಬಂತು. ಪುಟ ನಲವತ್ತೊಂದು.
ಬೇವಿನ ಮರ, ಏಳು.
ಹೊರಗೆ ನೋಡಿದೆ: ಪುನರ್ವಸತಿ ಕೇಂದ್ರದ ಬೋಳು ಮಟ್ಟಿ,
ಒಂದು ಜಾಲಿಯೂ ನೆಟ್ಟಗೆ ನಿಂತಿಲ್ಲ.
“ಎಲ್ಲಿವೆ?”
ಅವರು ಕನ್ನಡಕ ತೆಗೆದು ನೀರಿನತ್ತ ಗದ್ದ ಎತ್ತಿದರು.
“ಹಳೆ ಊರಿನ ಸಾಲ್ಯಾಗ್ರಿ. ಊರು ಮುಳುಗಿದಾಗ
ಗ್ವಾಡಿಗೆ ಪರಿಹಾರ ಬಂತು, ಬಾಗಿಲಕ್ಕ ಬಂತು.
ಗಿಡದ ಕಾಗದ ಅರಣ್ಯ ಇಲಾಖೆಗೆ ಹೋತು, ತಿರುಗಿ ಬರಲಿಲ್ಲ.
ಕಡತದಾಗ ಅವು ಇನ್ನೂ ಸತ್ತಿಲ್ರಿ.
ನಾನೂ ಅದ ನೆಳ್ಳಾಗ ಮೆಟ್ರಿಕ್ ಪಾಸಾದಾಂವ.”
ಪ್ರತಿ ಮಾರ್ಚಿಗೆ ಯಾರೋ ಒಬ್ಬರು ಬರೆದಿದ್ದಾರೆ:
ಪರಿಶೀಲಿಸಿದೆ, ಸರಿ ಇದೆ.
ಮೀನು ಓಡಾಡುವ ಕೊಂಬೆಗಳ ಕೆಳಗೆ ಇಪ್ಪತ್ತೆರಡು ಸಹಿ.

ನಾನು ಇಪ್ಪತ್ತಮೂರನೆಯದನ್ನು ಹಾಕಿದೆ.
ಆಮೇಲೆ ಪೆನ್ನಿನ ಮುಚ್ಚಳ ಹಾಕಲಿಲ್ಲ.
ಏನು ಕೇಳಲಿದ್ದೇನೆಂದು ಅವರಿಗೆ ಗೊತ್ತಿತ್ತು;
ಬಾಗಲಕೋಟೆಯ ಕ್ರೀಡಾ ಸಾಮಾನಿನ ಅಂಗಡಿಯ ಖಾಲಿ ಬಿಲ್ಲು
ಟೇಬಲ್ಲಿನ ಖಾನೆಯಿಂದ ತಾನಾಗಿ ಎಂಬಂತೆ ಎದ್ದು ಬಂತು.
“ಮೂವತ್ತೆಂಟು ವರ್ಷದ ಸರ್ವಿಸಿನ್ಯಾಗ
ಒಂದೂ ಸುಳ್ಳು ಬರದಿಲ್ಲ ಅಂತ ಬರದ್ರ
ಅದೂ ಒಂದು ಸುಳ್ಳ ಆಗತೈತ್ರಿ.”

ಮೂವತ್ತೊಂದರ ಮಧ್ಯಾಹ್ನ ರಾಜೇಸಾಬ ಗುಂಡಿ ಒತ್ತಿದ.
ನಳದಲ್ಲಿ ಮೊದಲು ಗಾಳಿ, ಆಮೇಲೆ ಕೆಮ್ಮು, ಆಮೇಲೆ ಕೆಂಪು ನೀರು.
ಆಸ್ಮಾ ಬೊಗಸೆ ಒಡ್ಡಿದಳು.
ತುಕ್ಕು ಹೋಗಲಿ, ತಡಿ ಎನ್ನುವಷ್ಟರಲ್ಲಿ
ಕುಡಿದೇ ಬಿಟ್ಟಿದ್ದಳು.

ಪುಟ ನಲವತ್ತೆರಡು: ವಾಲಿಬಾಲ್ ನೆಟ್, ಒಂದು.
ನನಗೂ ವರ್ಗವಾಗುತ್ತದೆ. ಯಾರೋ ಬರುತ್ತಾರೆ,
ಕೀಲಿ ಎಣಿಸುತ್ತಾರೆ, ನೆಟ್ ಎಲ್ಲಿ ಎಂದು ಕೇಳುತ್ತಾರೆ.
ಹೇಳಬೇಕು ಅವರಿಗೆ:
ಇದೆ. ಎರಡನೆಯ ಬೇವಿಗೂ ಮೂರನೆಯದಕ್ಕೂ ನಡುವೆ
ಬಿಗಿಯಾಗಿ ಕಟ್ಟಿದೆ.